ನೆತ್ತಿಯ ಮೇಲಿನ ಕಾವಲುಮನೆ

ಅಮೆರಿಕದ ಪಶ್ಚಿಮ ರಾಜ್ಯಗಳಾದ ವಾಷಿಂಗ್ಟನ್, ಆರೆಗನ್, ಐಡಹೊ, ಮೊಂಟಾನ ಮತ್ತು ಕ್ಯಾಲಿಫೋರ್ನಿಯಗಳ ಬೆಟ್ಟಗಳ ನೆತ್ತಿಯಲ್ಲಿ, ನಾಲ್ಕೂ ಕಡೆ ಸಾಲಾಗಿ ಗಾಜಿನ ಕಿಟಕಿಗಳಿರುವ ಒಂಟಿ ಕೋಣೆಯ ಮರದ ಮನೆಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳನ್ನು ಅಲ್ಲಿನ ಜನ ‘ಲುಕೌಟ್’ ಎನ್ನುತ್ತಾರೆ. ಆ ಮನೆಗೂ, ಅದರೊಳಗೆ ಬೇಸಗೆಯುದ್ದಕ್ಕೂ ಕುಳಿತು ಕಾಡ್ಗಿಚ್ಚಿನ ಮೊದಲ ಹೊಗೆಗಾಗಿ ದಿಗಂತವನ್ನು ಸೋಸುತ್ತಿದ್ದ ಕಾವಲುಗಾರನಿಗೂ ಅದೊಂದೇ ಹೆಸರು. ಕರ್ನಾಟಕದ ಹೊಲಗಳಲ್ಲಿ ಬೆಳೆ ಕಾಯಲು ಕಟ್ಟುವ ಅಟ್ಟಣೆಗೆ ಇದನ್ನು ಹೋಲಿಸಬಹುದಾದರೂ, ಅಟ್ಟಣೆಯಲ್ಲಿ ಕೂತ ರೈತ ಹಂದಿಯೋ ಆನೆಯೋ ಬಂದಾಗ ತಾನೇ ಕೂಗು ಹಾಕಿ ಓಡಿಸುತ್ತಾನೆ. ಲುಕೌಟಿನಲ್ಲಿ ಕೂತವನ ಮೊದಲ ಕರ್ತವ್ಯವಾದರೋ ಹತ್ತಾರು ಮೈಲಿ ದೂರದ ಹೊಗೆಯನ್ನು ಕಾಣುವುದು, ಕಂಡದ್ದನ್ನು ಅಂಕಿಗಳಲ್ಲಿ ಕೆಳಗಿನವರಿಗೆ ತಿಳಿಸುವುದು. ಇಂದು ಈ ಮನೆಗಳಲ್ಲಿ ಹಲವನ್ನು ಅಲ್ಲಿನ ಅರಣ್ಯ ಇಲಾಖೆಯೇ ಒಂದೆರಡು ರಾತ್ರಿಯ ವಾಸಕ್ಕೆ ಬಾಡಿಗೆಗೆ ಕೊಡುತ್ತದೆ. ಆದರೆ ಹೀಗೆ ಬಂದು ತಂಗುವವರು ಮಲಗುವ ಮಂಚ, ಊಟಕ್ಕೆ ಕೂರುವ ಪೀಠ, ತೆರೆದಿಡುವ ಕಿಟಕಿ ಯಾವುದೂ ಅವರ ನೆಮ್ಮದಿಗೆಂದು ಮಾಡಿದವಲ್ಲ. ಕಾಡಿನಲ್ಲಿ ಹುಟ್ಟಿದ ಬೆಂಕಿ ಯಾವುದೇ ಆಗಿರಲಿ ಅದನ್ನು ಚಿಕ್ಕದಿರುವಾಗಲೇ ನಂದಿಸಬೇಕು ಎಂಬ ಒಂದು ದೃಢವಾದ ನಂಬಿಕೆ ಆ ಕೋಣೆಯ ಪ್ರತಿಯೊಂದು ವಸ್ತುವಿಗೂ ಆಕಾರ ಕೊಟ್ಟಿತು.

ಆ ನಂಬಿಕೆ ಬೇರು ಬಿಟ್ಟದ್ದು 1910ರ ಆಗಸ್ಟ್ 20 ಮತ್ತು 21ರಂದು. ಅಮೆರಿಕದ ಅರಣ್ಯ ಇಲಾಖೆ ಆಗ ಇನ್ನೂ ಐದು ವರ್ಷದ ಕೂಸು. 1905ರಲ್ಲಿ ಅದನ್ನು ಕಟ್ಟಿ ಬೆಳೆಸಿದ್ದ ಗಿಫರ್ಡ್ ಪಿಂಚೊ 1910ರ ಆರಂಭದಲ್ಲಿ ಅಧ್ಯಕ್ಷ ಟಾಫ್ಟ್ ಅವರಿಂದ ಪದಚ್ಯುತನಾಗಿದ್ದ. ಮಳೆಯಿಲ್ಲದೆ ಒಣಗಿದ್ದ ಐಡಹೊ ಮತ್ತು ಮೊಂಟಾನದ ಬೆಟ್ಟಗಳಲ್ಲಿ ಚದುರಿದಂತೆ ಉರಿಯುತ್ತಿದ್ದ ನೂರಾರು ಸಣ್ಣ ಬೆಂಕಿಗಳನ್ನು ಬಿರುಗಾಳಿಯೊಂದು ಒಂದುಗೂಡಿಸಿ, ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ಸುಟ್ಟಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ವಾಲೇಸ್ ಪಟ್ಟಣದ ಬಳಿ ಎಡ್ ಪುಲಾಸ್ಕಿ ಎಂಬ ರೇಂಜರ್ ತನ್ನ ಕೈಕೆಳಗಿನ ಆಳುಗಳನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಹೊರಗೆ ಓಡಲೆತ್ನಿಸಿದವರನ್ನು ತಡೆದು ನಿಲ್ಲಿಸಿ, ಬಹುಪಾಲು ಮಂದಿಯ ಜೀವ ಉಳಿಸಿದ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಹತಾರವೊಂದು ಇಂದಿಗೂ ಅವನ ಹೆಸರಿನಲ್ಲೇ ಅಲ್ಲಿನ ಬೆಂಕಿಯಾಳುಗಳ ಕೈಯಲ್ಲಿದೆ. ಆ ದಿನಗಳಲ್ಲಿ ಇಲಾಖೆಯ ಮಿಸೌಲ ಕಚೇರಿಯಲ್ಲಿದ್ದುಕೊಂಡು ಈ ಅನಾಹುತವನ್ನು ಕಂಡ ವಿಲಿಯಂ ಗ್ರೀಲಿ ಮತ್ತು ಫರ್ಡಿನಂಡ್ ಸಿಲ್ಕಾಕ್ಸ್ ಇಬ್ಬರೂ ಮುಂದೆ ಇಡೀ ಇಲಾಖೆಯ ಮುಖ್ಯಸ್ಥರಾದರೆಂಬುದನ್ನು ಮರೆಯುವಂತಿಲ್ಲ. ಒಂದು ತಲೆಮಾರಿನ ನೀತಿಯನ್ನು ರೂಪಿಸಿದವರು ಹೆಣಗಳನ್ನು ಎಣಿಸಿದ್ದವರು. ಬೆಂಕಿಯನ್ನು ಗೆಲ್ಲಬೇಕಾದರೆ ಅದು ಚಿಕ್ಕದಿರುವಾಗಲೇ ಕಾಣಬೇಕು, ಕಾಣಬೇಕಾದರೆ ಎತ್ತರದಲ್ಲಿ ಕಣ್ಣಿರಬೇಕು ಎಂಬ ತರ್ಕ ಅವರಿಗೆ ಸಹಜವಾಗಿಯೇ ಒದಗಿತು.

ಎತ್ತರದ ಕಣ್ಣು ಎಂಬುದು ಅದಕ್ಕೂ ಮೊದಲೇ ಇದ್ದದ್ದು, ಆದರೆ ಮನೆಯಾಗಿರಲಿಲ್ಲ. 1902ರಲ್ಲಿ ಐಡಹೊದ ಬರ್ಥಾ ಹಿಲ್ ಎಂಬಲ್ಲಿ, ಮರ ಕಡಿಯುವವರ ಬಿಡಾರದಲ್ಲಿ ಅಡುಗೆ ಮಾಡುತ್ತಿದ್ದ ಮೇಬಲ್ ಗ್ರೇ ಊಟದ ಕೆಲಸ ಮುಗಿಸಿ, ಮರಕ್ಕೆ ಒರಗಿಸಿದ ಏಣಿ ಹತ್ತಿ ಹೊಗೆ ನೋಡುತ್ತಿದ್ದಳೆಂದು ಈ ವೃತ್ತಿಯ ಚರಿತ್ರೆಕಾರರು ದಾಖಲಿಸಿದ್ದಾರೆ. ಹೀಗೆ ಈ ಕಾವಲಿನ ಮೊದಲ ಹೆಸರುಗಳಲ್ಲಿ ಒಂದು ಅಡುಗೆಯವಳದು ಎಂಬುದು ಗಮನಾರ್ಹ. 1913ರಲ್ಲಿ ಕ್ಯಾಲಿಫೋರ್ನಿಯದ ಕ್ಲಾಮತ್ ಅರಣ್ಯದ ಎಡ್ಡಿ ಗಲ್ಚ್ ಎಂಬ ಕಾವಲುನೆಲೆಗೆ ಅರ್ಜಿ ಹಾಕಿದ್ದ ಮೂವರಲ್ಲಿ ಇಬ್ಬರು ಗಂಡಸರನ್ನು ಬಿಟ್ಟು ಹ್ಯಾಲಿ ಡಾಗೆಟ್ ಎಂಬ ಮಹಿಳೆಯನ್ನು ಇಲಾಖೆ ನೇಮಿಸಿಕೊಂಡಿತು. ಅರಣ್ಯ ಇಲಾಖೆಯ ಮೊದಲ ಮಹಿಳಾ ಲುಕೌಟ್ ಆಕೆಯೇ. ವಾರಕ್ಕೊಮ್ಮೆ ಸೋದರಿ ಕುದುರೆಯ ಮೇಲೆ ತರುತ್ತಿದ್ದ ದಿನಸಿ ಮತ್ತು ಕಾಗದಗಳಷ್ಟೇ ಹೊರಲೋಕದೊಡನೆ ಆಕೆಗಿದ್ದ ಸಂಬಂಧ, ಉಳಿದದ್ದೆಲ್ಲ ದೂರವಾಣಿಯ ತಂತಿಯ ಮೂಲಕ. ಮೊದಲ ಋತುವಿನಲ್ಲಿ ಆಕೆ ಸುಮಾರು 40 ಬೆಂಕಿಗಳನ್ನು ವರದಿ ಮಾಡಿದಳೆಂದೂ, ಅಷ್ಟೂ ಸೇರಿ ಸುಟ್ಟದ್ದು ಐದು ಎಕರೆಗೂ ಕಡಿಮೆಯೆಂದೂ ಆ ಕಾಲದ ಬರಹಗಳು ಹೇಳುತ್ತವೆ. ಮೊದಲ ಬಿರುಗಾಳಿಗೇ ಅಂಜಿ ಇಳಿದು ಬರುತ್ತಾಳೆಂದು ಕಾದಿದ್ದವರಿಗೆ ಆಕೆ ಹದಿನಾಲ್ಕು ಬೇಸಗೆಗಳ ಕಾಲ ಅಲ್ಲೇ ಇದ್ದು ಉತ್ತರ ಕೊಟ್ಟಳು.

ಹೊಗೆ ಕಾಣುವುದು ಒಂದು, ಅದು ಎಲ್ಲಿದೆಯೆಂದು ಹೇಳುವುದು ಇನ್ನೊಂದು. ಈ ಎರಡನೆಯ ಕಷ್ಟವನ್ನು ಬಿಡಿಸಿದವನು ಪೋರ್ಟ್‌ಲೆಂಡಿನ ಅರಣ್ಯಾಧಿಕಾರಿ ವಿಲಿಯಂ ಬುಶ್ನೆಲ್ ಆಸ್ಬೋರ್ನ್; 1911ರ ಹೊತ್ತಿಗೆ ಅವನು ರೂಪಿಸಿ, ಮುಂದಿನ ವರ್ಷಗಳಲ್ಲಿ ತಿದ್ದುತ್ತ ಬಂದ ‘ಫೈರ್‌ಫೈಂಡರ್’ ಎಂಬ ಉಪಕರಣ ಕೋಣೆಯ ನಟ್ಟನಡುವೆ, ಎದೆಮಟ್ಟದ ಪೀಠದ ಮೇಲೆ ಕೂತಿರುತ್ತದೆ. ಅದೊಂದು ದುಂಡನೆಯ ಲೋಹದ ಮೇಜು. ಅದರ ಮೇಲೆ ಸುತ್ತಲಿನ ಸೀಮೆಯ ನಕ್ಷೆ, ನಕ್ಷೆಯ ಕೇಂದ್ರಬಿಂದು ಆ ಕಾವಲುಮನೆಯೇ. ನಕ್ಷೆಯನ್ನು ಸುತ್ತುವರಿದ ಬಳೆಯ ಮೇಲೆ ಸೊನ್ನೆಯಿಂದ 360ರವರೆಗೆ ಡಿಗ್ರಿಗಳ ಗೀಟು. ಬಳೆಯ ಒಂದು ಬದಿಗೆ ಕಣ್ಣಿಟ್ಟು ನೋಡುವ ಸಣ್ಣ ಸೀಳು, ಎದುರು ಬದಿಗೆ ನೆಟ್ಟಗೆ ನಿಂತ ಚೌಕಟ್ಟಿನಲ್ಲಿ ಬಿಗಿದು ಕಟ್ಟಿದ ಕುದುರೆಯ ಕೂದಲು. ಕಾವಲುಗಾರ ಬಳೆಯನ್ನು ತಿರುಗಿಸಿ, ಕೂದಲಿನ ಗೆರೆ ದೂರದ ಹೊಗೆಯ ಬುಡವನ್ನು ಸೀಳುವಂತೆ ಹೊಂದಿಸಿ, ಬಳೆಯ ಮೇಲಿನ ಅಂಕಿಯನ್ನು ಓದುತ್ತಾನೆ. ಒಬ್ಬನ ಅಂಕಿಯಿಂದ ದಿಕ್ಕು ಮಾತ್ರ ತಿಳಿಯುತ್ತದೆ. ಬೇರೊಂದು ಶಿಖರದಲ್ಲಿರುವವನೂ ಅದೇ ಹೊಗೆಯತ್ತ ಗುರಿಯಿಟ್ಟು ತನ್ನ ಅಂಕಿ ಕೊಟ್ಟಾಗ, ಕೆಳಗಿನ ಕಚೇರಿಯ ನಕ್ಷೆಯಲ್ಲಿ ಎರಡು ದಾರಗಳು ಒಂದನ್ನೊಂದು ಅಡ್ಡಹಾಯುತ್ತವೆ, ಅಡ್ಡಹಾಯ್ದ ಬಿಂದುವೇ ಬೆಂಕಿಯ ಜಾಗ. ಕಿಟಕಿಯ ಮೂಲೆಗಂಬವೇ ಹೊಗೆಗೆ ಅಡ್ಡ ಬಂದರೆ ಉಪಕರಣವನ್ನು ಇಡಿಯಾಗಿ ಪಕ್ಕಕ್ಕೆ ಸರಿಸಲೆಂದು ಅದರ ಕೆಳಗೆ ಹಳಿಗಳೂ ಇದ್ದವು. ನೂರು ವರ್ಷ ಕಳೆದರೂ ಈ ಯಂತ್ರದ ಮೂಲತತ್ವ ಬದಲಾಗಿಲ್ಲ. ವಿದ್ಯುತ್ತೇ ಬೇಡದ, ಒಂದು ಕೂದಲನ್ನು ನಂಬಿ ನಡೆಯುವ ಇಂಥ ನಿಖರವಾದ ಉಪಕರಣ ಅರಣ್ಯಶಾಸ್ತ್ರದಲ್ಲಿ ವಿರಳ.

ಕೋಣೆಯೂ ಇದೇ ಉಪಕರಣದ ಸುತ್ತ ಬೆಳೆಯಿತು. 1929ರ ಸುಮಾರಿಗೆ ಕ್ಲೈಡ್ ಫಿಕ್ಸ್ ಎಂಬ ಅಧಿಕಾರಿ ರೂಪಿಸಿದ ‘ಎಲ್-4’ ಎಂಬ ಮಾದರಿ ಎಲ್ಲಕ್ಕಿಂತ ಹೆಚ್ಚು ಹರಡಿತು: ಉದ್ದಗಲ 14 ಅಡಿಯ ಚೌಕದ ಕೋಣೆ, ಸೊಂಟದೆತ್ತರದ ಮರದ ಗೋಡೆ, ಅದರ ಮೇಲೆ ಸುತ್ತಲೂ ಕಿಟಕಿ. ಬಯಲಿನಲ್ಲೇ ಅಳತೆಗೆ ಕೊಯ್ದ ಹಲಗೆ, ತೊಲೆ, ಗಾಜುಗಳನ್ನು ಹೇಸರಗತ್ತೆಯೊಂದು ಹೊರಬಲ್ಲಷ್ಟು ಕಟ್ಟುಗಳಾಗಿ ಕಟ್ಟಿ, ಸಾಲುಗತ್ತೆಗಳ ಬೆನ್ನ ಮೇಲೆ ಶಿಖರಕ್ಕೆ ಏರಿಸಿ ಅಲ್ಲಿ ಜೋಡಿಸುತ್ತಿದ್ದರು. ಕಿಟಕಿಗಳಿಗೆ ಹೊರಗಿನಿಂದ ಮರದ ಕದಗಳು. ಬೇಸಗೆಯಲ್ಲಿ ಅವನ್ನು ಮೇಲೆತ್ತಿ ಕೋಲು ಕೊಟ್ಟು ನಿಲ್ಲಿಸಿದರೆ ಬಿಸಿಲಿಗೆ ಚಜ್ಜ, ಚಳಿಗಾಲಕ್ಕೆ ಮುಚ್ಚಿದರೆ ಹಿಮಕ್ಕೆ ತಡೆ. ಮಂಚ, ಅಲಮಾರು, ಸೌದೆಯ ಒಲೆ ಯಾವುದೂ ಕಿಟಕಿಯ ಅಂಚನ್ನು ಮೀರಿ ಏಳಬಾರದೆಂಬ ನಿಯಮವಿತ್ತು. ಏಕೆಂದರೆ ಕಾವಲುಗಾರ ಅಡುಗೆ ಮಾಡುತ್ತಿದ್ದಾಗಲೂ ಹಾಸಿಗೆಯಿಂದ ಎದ್ದು ಕೂತಾಗಲೂ ಅವನ ನೋಟಕ್ಕೆ ಯಾವುದೂ ಅಡ್ಡ ಬರಕೂಡದು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಆರಂಭಿಸಿದ ‘ಸಿವಿಲಿಯನ್ ಕನ್ಸರ್ವೇಷನ್ ಕಾರ್ಪ್ಸ್’ ಎಂಬ ಪಡೆ 1942ರವರೆಗಿನ ತನ್ನ ಆಯುಷ್ಯದಲ್ಲಿ ದೇಶದಾದ್ಯಂತ ಮೂರು ಸಾವಿರಕ್ಕೂ ಹೆಚ್ಚು ಕಾವಲುಗೋಪುರಗಳನ್ನು ಕಟ್ಟಿತು.

ಕೋಣೆಯ ಇನ್ನೊಂದು ವಸ್ತುವನ್ನು ಹತ್ತಿರದಿಂದ ನೋಡಬೇಕು. ಅದು ಮೊಣಕಾಲೆತ್ತರದ ಒಂದು ಮರದ ಪೀಠ. ಅದರ ನಾಲ್ಕು ಕಾಲಿನ ತುದಿಗೂ ದೂರವಾಣಿ ಕಂಬಗಳಲ್ಲಿ ತಂತಿ ಸುತ್ತಲು ಬಳಸುವಂಥ ಗಾಜಿನ ಗುಬುಟು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಕಾವಲುಗಾರ ದೂರವಾಣಿಯ ಸಂಪರ್ಕ ತಪ್ಪಿಸಿ, ಈ ಪೀಠವನ್ನೇರಿ ನಿಲ್ಲಬೇಕಿತ್ತು. ಸುತ್ತಲಿನ ಸೀಮೆಗೆಲ್ಲ ಅತಿ ಎತ್ತರದ ಜಾಗದಲ್ಲಿ ಕಟ್ಟಿದ ಮನೆಗೆ ಸಿಡಿಲು ಬಡಿಯುವುದು ಸಾಮಾನ್ಯ ಸಂಗತಿಯಾದ್ದರಿಂದ, ಸೂರಿನ ಮೇಲಿನ ಸಿಡಿಲುಗಂಬಿಯಿಂದ ತಾಮ್ರದ ತಂತಿಗಳು ಮೂಲೆಮೂಲೆಗೂ ಇಳಿದು ಬಂಡೆಯ ಕೆಳಗಿನ ನೆಲ ಸೇರುತ್ತಿದ್ದವು. ಒಲೆಯನ್ನೂ ಕಬ್ಬಿಣದ ಮಂಚವನ್ನೂ ಅದೇ ತಂತಿಗೆ ಬಿಗಿಯುತ್ತಿದ್ದರು. ಆದರೆ ಪೀಠ ಹತ್ತಿದವನು ಕಣ್ಣು ಮುಚ್ಚುವಂತಿರಲಿಲ್ಲ. ಯಾವ ಯಾವ ಏಣಿನ ಮೇಲೆ ಸಿಡಿಲು ಇಳಿಯಿತೆಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಬೇಕು, ಮುಂದಿನ ಹಲವು ದಿನ ಆ ಜಾಗಗಳನ್ನೇ ಬಿಡದೆ ನೋಡಬೇಕು; ಏಕೆಂದರೆ ಸಿಡಿಲಿನ ಕಿಡಿ ಮರದ ಪೊಟರೆಯಲ್ಲೋ ತರಗೆಲೆಯ ಅಡಿಯಲ್ಲೋ ದಿನಗಟ್ಟಲೆ ಕನಲುತ್ತಿದ್ದು, ನೆಲ ಒಣಗಿದ ಮೇಲೆ ತಲೆಯೆತ್ತುವುದುಂಟು. ಮಳೆ ನಿಂತೊಡನೆ ಕಣಿವೆಗಳಿಂದ ಏಳುವ ಮಂಜಿನ ಎಳೆಗಳಿಗೆ ಕಾವಲುಗಾರರು ‘ವಾಟರ್ ಡಾಗ್’, ಅಂದರೆ ನೀರುನಾಯಿ, ಎಂಬ ಹೆಸರಿಟ್ಟಿದ್ದರು. ಅವು ಥೇಟು ಹೊಗೆಯಂತೆಯೇ ಕಾಣುತ್ತವೆ, ಸ್ವಲ್ಪ ಹೊತ್ತಿನಲ್ಲಿ ಕರಗುತ್ತವೆ. ಕರಗದೆ ಉಳಿದು ನೀಲಿಗೆ ತಿರುಗುವುದು ಹೊಗೆ. ಈ ವ್ಯತ್ಯಾಸವನ್ನು ಯಾವ ಕೈಪಿಡಿಯೂ ಕಲಿಸಲಾರದು, ಅದು ಕಣ್ಣಿಗೆ ಬರಬೇಕಾದ ವಿದ್ಯೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೋಣೆಗಳ ಕಣ್ಣು ಕಾಡಿನಿಂದ ಆಕಾಶಕ್ಕೂ ಹೊರಳಿತು; ಶತ್ರುವಿಮಾನಗಳ ಸುಳಿವಿಗಾಗಿ ಚಳಿಗಾಲದಲ್ಲೂ ಜನ ಅಲ್ಲಿ ಉಳಿದರು. 1942ರ ಸೆಪ್ಟೆಂಬರ್ 9ರಂದು ಜಪಾನಿನ ಜಲಾಂತರ್ಗಾಮಿಯಿಂದ ಹಾರಿಸಿದ ಸಣ್ಣ ವಿಮಾನವೊಂದರಲ್ಲಿ ಬಂದ ನೊಬುಒ ಫುಜಿತ ಆರೆಗನ್ನಿನ ಬ್ರೂಕಿಂಗ್ಸ್ ಬಳಿಯ ಕಾಡಿಗೆ ಬೆಂಕಿಬಾಂಬು ಹಾಕಿದಾಗ, ಮೌಂಟ್ ಎಮಿಲಿಯ ಕಾವಲುಗಾರ ಹೊವಾರ್ಡ್ ಗಾರ್ಡ್‌ನರ್ ಹೊಗೆಯನ್ನು ಕಂಡು ವರದಿ ಮಾಡಿ, ತಾನೇ ಹುಡುಕಿಕೊಂಡು ಹೋದ. ಕಾಡು ತೇವವಾಗಿದ್ದುದರಿಂದ ಬೆಂಕಿ ಹರಡಲಿಲ್ಲ. 1956ರಲ್ಲಿ ಕಾದಂಬರಿಕಾರ ಜ್ಯಾಕ್ ಕೆರೂಯಕ್ ವಾಷಿಂಗ್ಟನ್ನಿನ ಡಿಸೊಲೇಷನ್ ಶಿಖರದ ಎಲ್-4 ಕೋಣೆಯಲ್ಲಿ 63 ದಿನ ಕಳೆದದ್ದು, ಅದಕ್ಕೆ ಮೊದಲೇ ಕವಿ ಗ್ಯಾರಿ ಸ್ನೈಡರ್ ಅದೇ ಸೀಮೆಯ ಕ್ರೇಟರ್ ಮತ್ತು ಸಾರ್‌ಡೋ ಶಿಖರಗಳಲ್ಲಿ ಕಾವಲಿದ್ದದ್ದು ಸಾಹಿತ್ಯದ ಓದುಗರಿಗೆ ತಿಳಿದ ಸಂಗತಿ. ಆ ಇಬ್ಬರ ಖ್ಯಾತಿ ಈ ವೃತ್ತಿಗೆ ತಪಸ್ಸಿನ ಪ್ರಭೆಯನ್ನು ತಂದಿತಾದರೂ, ಸಂಬಳಕ್ಕಾಗಿ ಬೆಟ್ಟ ಹತ್ತಿ, ದೂರದ ಒರತೆಯಿಂದ ನೀರು ಹೊತ್ತು, ಹೊಗೆ ಕಂಡಾಗ ಕೆಲವೊಮ್ಮೆ ತಾವೇ ಗುದ್ದಲಿ ಹಿಡಿದು ಓಡಿದ ಸಾವಿರಾರು ಹೆಸರಿಲ್ಲದವರ ಶ್ರಮವನ್ನು ಅದು ಮರೆಸಬಾರದು.

ಈಗ ಆ ಶ್ರಮ ಯಾವ ನೀತಿಗೆ ಸಂದಿತೋ ಅದರ ಮಾತು. 1935ರಲ್ಲಿ ಮುಖ್ಯಸ್ಥನಾಗಿದ್ದ ಸಿಲ್ಕಾಕ್ಸ್, ವರದಿಯಾದ ಪ್ರತಿಯೊಂದು ಬೆಂಕಿಯನ್ನೂ ಮರುದಿನ ಬೆಳಗಿನ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂದು ಆಜ್ಞೆ ಹೊರಡಿಸಿದ. ‘ಹತ್ತು ಗಂಟೆಯ ನೀತಿ’ ಎಂದೇ ಹೆಸರಾದ ಅದನ್ನು ಇಲಾಖೆ ಪೂರ್ತಿಯಾಗಿ ಕೈಬಿಟ್ಟದ್ದು 1978ರಲ್ಲಿ. ಸಣ್ಣ ಬೆಂಕಿಗಳೆಲ್ಲ ಆರಿದಂತೆ ತರಗು, ಕುರುಚಲು, ಒತ್ತೊತ್ತಾದ ಎಳೆಮರಗಳು ದಶಕಗಳ ಕಾಲ ಪೇರುತ್ತ ಹೋದವು. ಮುಂದೊಂದು ದಿನ ಹತ್ತಿಕೊಂಡ ಬೆಂಕಿಗೆ ನೆಲದಿಂದ ನೆತ್ತಿಯವರೆಗೆ ಏಣಿ ಸಿಕ್ಕಂತಾಯಿತು. ಹ್ಯಾಲಿ ಡಾಗೆಟ್ ಕಾವಲಿದ್ದ ಅದೇ ಕ್ಲಾಮತ್ ಸೀಮೆಯಲ್ಲಿ ಕರುಕ್ ಮತ್ತು ಯುರೋಕ್ ಜನ, ಬುಟ್ಟಿ ಹೆಣೆಯಲು ಬೇಕಾದ ಹೇಝಲ್ ಗಿಡಗಳ ನೇರ ಚಿಗುರಿಗಾಗಿ, ಓಕ್ ಮರಗಳ ಕಾಯಿಗಾಗಿ, ಹದವರಿತು ನೆಲದ ಬೆಂಕಿ ಹಾಕುತ್ತಿದ್ದವರು. ಅವರ ಆ ಬೆಂಕಿಯೂ ಕಾವಲುಗಾರನ ಕೂದಲಿನ ಗೆರೆಗೆ ಅಪರಾಧವಾಗಿಯೇ ಕಂಡಿತು. ಕನ್ನಡ ಓದುಗರಿಗೆ ಇದು ಅಪರಿಚಿತ ಕಥೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿ ಹಾಕುತ್ತಿದ್ದ ‘ತರಗು ಬೆಂಕಿ’, ಅಂದರೆ ಒಣಗಿದ ಎಲೆಯನ್ನಷ್ಟೇ ಸುಟ್ಟು ಸಾಗುವ ಸಣ್ಣ ಬೆಂಕಿ, 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ನಿಂತುಹೋಯಿತು; ಲಂಟಾನ ಕಾಡನ್ನು ಮುತ್ತಿದ್ದಕ್ಕೂ, ನೆಲ್ಲಿಮರಗಳಲ್ಲಿ ಉಪ್ಪಿಲು ಎಂಬ ಬದನಿಕೆ ಹೆಚ್ಚಿದ್ದಕ್ಕೂ ಸೋಲಿಗ ಹಿರಿಯರು ಇದನ್ನೇ ಕಾರಣವಾಗಿ ಹೇಳುತ್ತಾರೆ. ಎರಡು ಖಂಡಗಳ ಅರಣ್ಯ ಇಲಾಖೆಗಳು ಬೆಂಕಿಯನ್ನು ಕಂಡ ಬಗೆ ಒಂದೇ ಆಗಿತ್ತು. ಕಾಡಿನೊಳಗೆ ಬಾಳಿದವರ ಅರಿವನ್ನು ಎರಡೂ ಕಡೆ ಕೇಳದೆ ಹೋದದ್ದು ದೊಡ್ಡ ನಷ್ಟ.

ವಿಮಾನಗಳ ಗಸ್ತು, ಕಾಡಿನೊಳಗಿನ ರಸ್ತೆಗಳು, 1940ರಿಂದ ಪ್ಯಾರಾಚೂಟಿನಲ್ಲಿ ಧುಮುಕಿ ಬೆಂಕಿ ನಂದಿಸತೊಡಗಿದ ತಂಡಗಳು, ಇತ್ತೀಚೆಗೆ ಶಿಖರಗಳ ಮೇಲಿನ ಕ್ಯಾಮೆರಾಗಳು ಸೇರಿ ಕಾವಲುಮನೆಗಳನ್ನು ಬರಿದಾಗಿಸಿದವು. ಸಾವಿರದ ಸಮೀಪದಷ್ಟು ಇಂಥ ನೆಲೆಗಳಿದ್ದ ಐಡಹೊದಲ್ಲೂ ಬಹುಪಾಲು ಇಲ್ಲವಾದವು. ಎಷ್ಟನ್ನೋ ಇಲಾಖೆಯೇ ದುರಸ್ತಿಯ ಹೊರೆ ತಪ್ಪಿಸಿಕೊಳ್ಳಲು ಬೆಂಕಿಯಿಟ್ಟು ಸುಟ್ಟಿತು. ಉಳಿದವುಗಳಲ್ಲಿ ಕೆಲವು ಇಂದಿಗೂ ಬೇಸಗೆಯಲ್ಲಿ ಕಾವಲುಗಾರರನ್ನು ಕಾಣುತ್ತವೆ, ಕೆಲವನ್ನು ಸ್ವಯಂಸೇವಕರು ಹಲಗೆ ಹಲಗೆಯಾಗಿ ದುರಸ್ತಿ ಮಾಡಿದ್ದಾರೆ, ವಾಷಿಂಗ್ಟನ್ನಿನಲ್ಲಿ 1935ರಲ್ಲಿ ಕಟ್ಟಿದ ಎವರ್‌ಗ್ರೀನ್ ಬೆಟ್ಟದ ಮನೆಯಂಥವು ತಂಗುವವರಿಗೆ ತೆರೆದಿವೆ. ಅಲ್ಲಿಗೆ ಹೋಗುವವರು ನೀರನ್ನೂ ಹಾಸಿಗೆಯನ್ನೂ ಬೆನ್ನ ಮೇಲೆ ಹೊತ್ತು ಹತ್ತಬೇಕು, ಕಸವನ್ನು ಹೊತ್ತು ಇಳಿಯಬೇಕು. ಕತ್ತಲಾದ ಮೇಲೆ ದೀಪ ಆರಿಸಿದರೆ ಗಾಜಿನಾಚೆ ಸಾಲುಸಾಲು ಬೆಟ್ಟಗಳ ಕಪ್ಪು, ಅದರ ಮೇಲೆ ನಕ್ಷತ್ರಗಳು. ಮಲಗಿದವರಿಗೆ ಮಗ್ಗುಲು ಬದಲಿಸಿದಾಗಲೆಲ್ಲ ಹೊಸದೊಂದು ದಿಕ್ಕು ಎದುರಾಗುತ್ತದೆ, ಕೋಣೆಯ ರಚನೆಯೇ ಅವರನ್ನು ಕಾವಲಿಗೆ ಎಬ್ಬಿಸುತ್ತದೆ.

ಈಚಿನ ಬೇಸಗೆಗಳಲ್ಲಿ ದೊಡ್ಡ ಬೆಂಕಿ ಹತ್ತಿರ ಬಂದಾಗ ಆಳುಗಳು ಈ ಮನೆಗಳಿಗೆ ಬುಡದಿಂದ ಸೂರಿನವರೆಗೆ ಬೆಳ್ಳಿಯಂತೆ ಹೊಳೆಯುವ, ಶಾಖ ತಡೆಯುವ ಹಾಳೆಯನ್ನು ಸುತ್ತಿ ಮೊಳೆ ಹೊಡೆಯುತ್ತಾರೆ. ಕಿಟಕಿಗಳೆಲ್ಲ ಆ ಹಾಳೆಯಡಿ ಮುಚ್ಚಿಹೋಗುತ್ತವೆ. ಹೀಗೆ ಎಷ್ಟೋ ಮನೆಗಳು ಉಳಿದಿವೆ, ಎಲ್ಲವೂ ಉಳಿದಿಲ್ಲ. ಆರೆಗನ್ನಿನ ಮೌಂಟ್ ಹುಡ್ ಅರಣ್ಯದಲ್ಲಿ 1942ರಲ್ಲಿ ಕಟ್ಟಿದ್ದ ಬುಲ್ ಆಫ್ ದ ವುಡ್ಸ್ ಎಂಬ ಕಾವಲುಮನೆ 2021ರ ಸೆಪ್ಟೆಂಬರಿನಲ್ಲಿ, ತಾನು ಕಾಯಲೆಂದು ನಿಂತ ಕಾಡಿನ ಬೆಂಕಿಯಲ್ಲೇ ಸುಟ್ಟು ಬೂದಿಯಾಯಿತು.