ಗಾಜಿನ ಮನೆಯಿಂದ ನಮ್ಮ ಪಾಲಿಹೌಸ್‌ವರೆಗೆ

ಮಾಗಿ ಚಳಿ ಬಿತ್ತು ಅಂದ್ರೆ ಕ್ಯಾಸಂಬಳ್ಳಿ ಕಡೆ ಟೊಮೊಟೊ ನಾರು ಬೇಗ ಏಳಲ್ಲ. ಚಳಿಯಿಂದ ಗಿಡ ಕಾಯೋ ಕಷ್ಟ ಹಳೇದು. ಲಂಡನ್ನಿನ ಕ್ಯೂ ತೋಟದವರು 1848ರಲ್ಲಿ ಮುಗಿಸಿದ ಗಾಜಿನ ಮನೆಗೆ ನೆಲದಡಿ ಬಾಯ್ಲರ್ ಇಟ್ಟು, ಬಿಸಿನೀರಿನ ಪೈಪು ಹಾಯಿಸಿ ತಾಳೆಗಿಡ ಉಳಿಸಿಕೊಂಡ್ರು.

1889ರಲ್ಲಿ ಲಾಲ್‌ಬಾಗ್ ಗಾಜಿನ ಮನೆಗೆ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ರು. ಅದು ಫಲಪುಷ್ಪ ಪ್ರದರ್ಶನದ ಜಾಗ ಆಯ್ತು, ಪಕ್ಕಗಳು ತೆರೆದೇ ಇವೆ.

ನಮ್ಮ ಪಾಲಿಹೌಸಿಗೆ ಬಾಯ್ಲರ್ ಇಲ್ಲ, ಇರೋದು ಹಗಲಿನ ಬಿಸಿಲೊಂದೇ. ಪ್ಲಾಸ್ಟಿಕ್ ಹಾಳೆ ರಾತ್ರಿ ಗಾಜಿನಷ್ಟು ಶಾಖ ಹಿಡಿಯಲ್ಲ. ಅದಕ್ಕೇ ಹೊತ್ತು ಮುಳುಗೋ ಮುಂಚೇನೇ ಪಕ್ಕದ ಪರದೆ ಮುಚ್ಚಿ. ನೀರು ಬೆಳಿಗ್ಗೆ ಕೊಡಿ. ಬಿಸಿಲೇರಿದ ಮೇಲೆ ಪರದೆ ತೆಗೀರಿ, ತೇವ ಒಳಗೇ ನಿಂತ್ರೆ ನಾರು ಕೊಳೆಯುತ್ತೆ. ಬರೀ ಶೇಡ್ ನೆಟ್ ನಂಬಬೇಡಿ, ಅದು ನೆರಳು ಕೊಡುತ್ತೆ, ಬಿಸಿ ಹಿಡಿಯಲ್ಲ.