ಧರೆ ಮೇಲಿನ ಹುಳಿ ದಂಟು: ಕಾಫಿ ಸೀಮೆಯ ಕಾಡು ಬಿಗೋನಿಯಾ

ವಸ್ತಾರೆ: ಮಳೆ ಹಿಡಿದು ಒಂದೆರಡು ತಿಂಗಳು ಕಳೆದ ಮೇಲೆ ಈ ಭಾಗದ ತೋಟಗಳ ಹಳ್ಳದ ಅಂಚಿನಲ್ಲಿ, ನೀರು ಜಿನುಗುವ ಧರೆಯಲ್ಲಿ ತಿಳಿ ಗುಲಾಬಿ ಹೂವಿನ ಒಂದು ಗಿಡ ಕಣ್ಣಿಗೆ ಬೀಳುತ್ತದೆ. ಹೆಚ್ಚೆಂದರೆ ಸೊಂಟದ ಎತ್ತರ. ಕೆಂಪು ಛಾಯೆಯ, ರಸ ತುಂಬಿದ ದಂಟು. ಒಂದು ಕಡೆಗೆ ವಾಲಿದಂತಿರುವ ಎಲೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬಿಗೋನಿಯಾ ಮಲಬಾರಿಕಾ.

ಹೋಂಸ್ಟೇ ಮುಂದಿನ ಕುಂಡಗಳಲ್ಲಿ, ಪೇಟೆಯ ನರ್ಸರಿಗಳಲ್ಲಿ ಕಾಣುವ ಬಿಗೋನಿಯಾಗಳದ್ದೇ ಕುಲ ಇದು. ಆದರೆ ಕುಂಡದ ಗಿಡಗಳು ಬಹುತೇಕ ಹೊರಗಿನವು. ವರ್ಷವಿಡೀ ಹೂ ಬಿಡುವ ಸಣ್ಣ ಎಲೆಯ ಜಾತಿಯ ಮೂಲ ದಕ್ಷಿಣ ಅಮೆರಿಕ. ಬಣ್ಣಬಣ್ಣದ ಎಲೆಯ ರೆಕ್ಸ್ ಬಿಗೋನಿಯಾದ ಮೂಲ ಅಸ್ಸಾಂ ಕಡೆಯ ಕಾಡು. ಧರೆ ಮೇಲಿನ ಈ ಗಿಡ ಮಾತ್ರ ಇಲ್ಲಿಯದೇ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು.

ಗುರುತು ಹಿಡಿಯೋದು ಹೇಗೆ?

ಮಳೆಗಾಲದಲ್ಲಿ ಇದೇ ಜಾಗದಲ್ಲಿ ಕರ್ಣಕುಂಡಲದ ಗಿಡಗಳೂ ಇರುತ್ತವೆ. ಅವುಗಳ ದಂಟೂ ನೀರು ನೀರು, ಹೂವೂ ಗುಲಾಬಿ. ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳುವವರು ಇದ್ದಾರೆ. ಎಲೆ ನೋಡಿದರೆ ಗೊಂದಲವೇ ಇಲ್ಲ. ಬಿಗೋನಿಯಾ ಎಲೆಯನ್ನು ನಡು ನರದ ಮೇಲೆ ಮಡಚಿದರೆ ಎರಡು ಅರ್ಧಗಳು ಒಂದಕ್ಕೊಂದು ಕೂರುವುದಿಲ್ಲ. ಒಂದು ಪಕ್ಕ ದೊಡ್ಡದು, ಇನ್ನೊಂದು ಚಿಕ್ಕದು, ತೊಟ್ಟಿನ ಹತ್ತಿರ ಒಂದು ಕಿವಿ ಕೆಳಗೆ ಇಳಿದಿರುತ್ತದೆ. ಕರ್ಣಕುಂಡಲದ ಎಲೆ ಎರಡೂ ಕಡೆ ಸಮ, ಹೂವಿನ ಹಿಂದೆ ಸಾಮಾನ್ಯವಾಗಿ ಬಾಲದಂಥ ಕೊಂಬು ಇರುತ್ತದೆ, ಬಲಿತ ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತದೆ. ಬಿಗೋನಿಯಾದ ಕಾಯಿ ಸಿಡಿಯೋದಿಲ್ಲ, ಅದಕ್ಕೆ ಮೂರು ರೆಕ್ಕೆಗಳಿರುತ್ತವೆ.

ಹೂವಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಒಂದೇ ಗಿಡದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ದಳದ ಹಿಂಭಾಗ ನೋಡಿದರೆ ಸಾಕು: ಮೂರು ರೆಕ್ಕೆಯ ಪುಟ್ಟ ಕಾಯಿ ಅಂಟಿಕೊಂಡಿದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಬಿಗೋನಿಯಾಗಳಲ್ಲಿ ಸಾಮಾನ್ಯವಾಗಿ ಒಂದು ಗೊಂಚಲಿನಲ್ಲಿ ಗಂಡು ಹೂವು ಮೊದಲು ಅರಳುತ್ತವೆ, ಹೆಣ್ಣು ಆಮೇಲೆ. ಗಂಡು ಹೂವಿನಲ್ಲಿ ಜೇನುಹುಳಕ್ಕೆ ಪರಾಗ ಸಿಗುತ್ತದೆ. ಹೆಣ್ಣು ಹೂವಿನಲ್ಲಿ ಪರಾಗವೂ ಇಲ್ಲ, ಮಕರಂದವೂ ಇಲ್ಲ. ಆದರೆ ಅದರ ನಡುವಿನ ಹಳದಿ, ತಿರುಚಿದ ಶಲಾಕೆಗಳು ದೂರಕ್ಕೆ ಗಂಡು ಹೂವಿನ ಕೇಸರಗಳಂತೆಯೇ ಕಾಣುತ್ತವೆ. ಸಣ್ಣ ಜೇನುಗಳು ಮೋಸ ಹೋಗಿ ಬಂದು ಕೂರುತ್ತವೆ, ಏನೂ ಸಿಗದೆ ಹಾರಿ ಹೋಗುತ್ತವೆ. ಅಷ್ಟರಲ್ಲಿ ಮೈಗೆ ಅಂಟಿದ್ದ ಪರಾಗ ಅಲ್ಲಿ ಬಿದ್ದಿರುತ್ತದೆ. ಕೊಡುವುದೇನೂ ಇಲ್ಲದೆ ಕೆಲಸ ಮಾಡಿಸಿಕೊಳ್ಳುವ ಜಾಣತನ ಇದು.

ಹೆಸರಿನ ಹಿಂದೆ

ಬಿಗೋನಿಯಾ ಎಂಬ ಹೆಸರು ಬಂದದ್ದು ಮಿಶೆಲ್ ಬೆಗೋನ್ ಎಂಬ ಫ್ರೆಂಚ್ ಅಧಿಕಾರಿಯಿಂದ. ಕೆರಿಬಿಯನ್ ದ್ವೀಪಗಳಲ್ಲಿ ಗಿಡ ಸಂಗ್ರಹಿಸಿದ ಶಾರ್ಲ್ ಪ್ಲೂಮಿಯೆ ಎಂಬ ಪಾದ್ರಿ ತನ್ನ ಪೋಷಕನ ಹೆಸರನ್ನು ಗಿಡಕ್ಕೆ ಇಟ್ಟ. (ದೇವಸಂಪಿಗೆಗೆ ಇರುವ ಪ್ಲುಮೇರಿಯಾ ಎಂಬ ಹೆಸರು ಇದೇ ಪಾದ್ರಿಯದ್ದು.) ಈಗ ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಬಿಗೋನಿಯಾ ಜಾತಿಗಳು ದಾಖಲಾಗಿವೆ.

ಮಲಬಾರಿಕಾ ಎಂದು ಹೆಸರಿಟ್ಟವರು ಫ್ರಾನ್ಸಿನ ಲಾಮಾರ್ಕ್, 1785ರಲ್ಲಿ. ಆದರೆ ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಸಿದ್ಧಪಡಿಸಿದ 12 ಸಂಪುಟಗಳ 'ಹೊರ್ಟಸ್ ಮಲಬಾರಿಕಸ್'ನಲ್ಲಿ ಈ ಗಿಡದ ಚಿತ್ರ ಅಚ್ಚಾಗಿತ್ತು. ಅಲ್ಲಿ ಕೊಟ್ಟಿರುವ ಮಲಯಾಳದ ಹೆಸರಿನ ಕೊನೆಗೆ 'ಪುಳಿ' ಇದೆ, ಅಂದರೆ ಹುಳಿ. ಘಟ್ಟದ ಜನ ಇದನ್ನು ನಾಲಿಗೆಯಿಂದ ಗುರುತಿಸಿದ್ದರು ಅನ್ನೋದಕ್ಕೆ ಆ ಒಂದು ಪದ ಸಾಕು. ಈ ಜಿಲ್ಲೆಯ ಸಸ್ಯಗಳ ಬಗ್ಗೆ ವಿವರ ಬೇಕಿದ್ದವರಿಗೆ ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಜಿ ಅವರು 1980ರ ದಶಕದ ಆರಂಭದಲ್ಲಿ ಹೊರತಂದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವಿದೆ.

ಪಶ್ಚಿಮ ಘಟ್ಟದಲ್ಲಿ ಇನ್ನೂ ಹಲವು ಕಾಡು ಬಿಗೋನಿಯಾಗಳಿವೆ. ಬಿಗೋನಿಯಾ ಕ್ರೆನಾಟಾ ಎಂಬುದು ಗೇಣುದ್ದವೂ ಬೆಳೆಯದ ಪುಟ್ಟ ಗಿಡ. ಮಳೆಗಾಲದಲ್ಲಿ ಒದ್ದೆ ಬಂಡೆ, ಪಾಚಿ ಕಟ್ಟಿದ ಮರದ ಬುಡದಲ್ಲಿ ಎದ್ದು, ಮಳೆ ನಿಂತ ಮೇಲೆ ಒಣಗಿ, ಗಡ್ಡೆಯಾಗಿ ಮುಂದಿನ ಮಳೆಗೆ ಕಾಯುತ್ತದೆ. ಮಲಬಾರಿಕಾ ಹಾಗಲ್ಲ, ದಂಟು ಉಳಿಸಿಕೊಂಡು ಬೇಸಿಗೆ ದಾಟುತ್ತದೆ. ಅದಕ್ಕೇ ಅದಕ್ಕೆ ವರ್ಷಪೂರ್ತಿ ನೆರಳು, ತೇವ ಬೇಕು.

ತಿನ್ನಬಹುದಾ?

ದಂಟಿನ ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ಈಶಾನ್ಯ ರಾಜ್ಯಗಳಲ್ಲಿ ಅಲ್ಲಿಯ ಕಾಡು ಬಿಗೋನಿಯಾಗಳ ದಂಟನ್ನು ಅಡುಗೆಗೆ ಬಳಸುತ್ತಾರೆ. ನಾಲಿಗೆಗೆ ಒಂದು ಚೂರು ಹಚ್ಚಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಕಿಡ್ನಿ ಕಲ್ಲಿನ ತೊಂದರೆ ಇರುವವರು ದೂರ ಇರೋದೇ ಒಳ್ಳೆಯದು. ಗಡ್ಡೆ ಇರುವ ಜಾತಿಗಳಲ್ಲಿ ಗಡ್ಡೆಯಲ್ಲೇ ಈ ಅಂಶ ಹೆಚ್ಚು, ಅದನ್ನು ನಾಯಿ, ಬೆಕ್ಕು ಅಗಿದರೆ ಬಾಯಿ ಉರಿ, ವಾಂತಿ ಬರುತ್ತದೆ. ಕುಂಡದ ಗಿಡಕ್ಕೂ ಈ ಮಾತು ಅನ್ವಯ.

ಧರೆ ಕೆರೆದರೆ ಗಿಡ ಹೋಯ್ತು

ಮಲಬಾರಿಕಾ ಸದ್ಯಕ್ಕೆ ಅಪರೂಪದ ಗಿಡವೇನಲ್ಲ. ಆದರೆ ಒಂದು ಜಾಗದಲ್ಲಿ ಒಮ್ಮೆ ಹೋದರೆ ಮತ್ತೆ ಬರೋದು ಕಷ್ಟ. ಕಾರಣ ಬೀಜದಲ್ಲಿದೆ. ಬಿಗೋನಿಯಾ ಬೀಜ ಅಂದರೆ ನಶ್ಯದ ಪುಡಿಯಂತೆ, ಒಂದು ಗ್ರಾಂಗೆ ಹತ್ತಾರು ಸಾವಿರ. ಭತ್ತ, ಹುರುಳಿಯ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ, ಈ ಬೀಜದಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಬಿದ್ದ ಜಾಗದಲ್ಲಿ ತೇವ ಆರದೆ ಇದ್ದರೆ ಮಾತ್ರ ಸಸಿ ಉಳಿಯುತ್ತದೆ. ಪಾಚಿ ಇರುವ ಹಳೆಯ ಧರೆ, ಕಲ್ಲಿನ ಸಂದು ಇದಕ್ಕೆ ಹೇಳಿ ಮಾಡಿಸಿದ ಜಾಗ. ಜೆಸಿಬಿ ಬಂದು ಚರಂಡಿ ಜೊತೆ ಧರೆಯನ್ನೂ ನೇರಕ್ಕೆ ಕೆರೆದು ಹೋದರೆ ಪಾಚಿ ಹೋಗುತ್ತದೆ, ಮಣ್ಣು ಬಿಸಿಲಿಗೆ ಒಣಗುತ್ತದೆ. ಅಲ್ಲಿ ಆಮೇಲೆ ಬರುವುದು ಲಂಟಾನ, ಕಮ್ಯುನಿಸ್ಟ್ ಗಿಡ. ತೋಟದೊಳಗೆ ಕಳೆನಾಶಕ ಹೊಡೆಯುವಾಗ ಹಳ್ಳದ ಅಂಚಿಗೂ ಪೈಪ್ ತಿರುಗಿಸುವುದು, ಮರಗಸಿ ಹೆಸರಲ್ಲಿ ಹಳ್ಳದ ಮೇಲಿನ ನೆರಳನ್ನೂ ಬೋಳಿಸುವುದು ಇದೇ ಪರಿಣಾಮ ಮಾಡುತ್ತವೆ. ಹಳ್ಳದ ಎರಡೂ ಬದಿ ಒಂದಿಷ್ಟು ಅಗಲ ಬಿಟ್ಟರೆ ಗಿಡವೂ ಉಳಿಯುತ್ತದೆ, ಮಣ್ಣೂ ನಿಲ್ಲುತ್ತದೆ, ತೋಟದವರಿಗೆ ನಷ್ಟವೇನಿಲ್ಲ.

ಹೂ ಚೆನ್ನಾಗಿದೆ ಅಂತ ಬುಡಸಮೇತ ಕಿತ್ತು ಕಾರಿನಲ್ಲಿಟ್ಟುಕೊಂಡು ಹೋಗುವವರೂ ಇದ್ದಾರೆ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಹಾಗೆ ಕಿತ್ತರೂ ಬಯಲುಸೀಮೆಯ ಬಿಸಿಲಿಗೆ ಗಿಡ ಬದುಕುವುದಿಲ್ಲ. ಸ್ವಂತ ತೋಟದಲ್ಲಿ ಗಿಡ ಇದ್ದವರು, ಕುಂಡದ ಗಿಡ ಮಾರುವವರು ಬೇರು ಕೀಳಬೇಕಾಗಿಯೇ ಇಲ್ಲ. ಎರಡು ಗಂಟು ಇರುವ ದಂಟಿನ ತುಂಡನ್ನು ಮರಳು, ಎಲೆಗೊಬ್ಬರದ ಮಿಶ್ರಣಕ್ಕೆ ಚುಚ್ಚಿ ನೆರಳಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ನೀರು ನಿಂತರೆ ಮಾತ್ರ ದಂಟು ಕೊಳೆಯುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲಾತಿಯನ್ನು ಅದು ಇಟ್ಟುಕೊಳ್ಳಬೇಕು. ಗಿಡ ಕಂಡವರು ಅಲ್ಲಿ ಬರೆಸಬಹುದು. ಬರೀ ಹೂವಿನ ಫೋಟೊ ತೆಗೆದರೆ ಜಾತಿ ತಿಳಿಯೋದಿಲ್ಲ. ಎಲೆಯ ಮೇಲ್ಭಾಗ, ಕೆಳಭಾಗ, ಗಂಡು-ಹೆಣ್ಣು ಹೂವು ಎರಡೂ, ಜೊತೆಗೆ ಅಡ್ಡ ಕತ್ತರಿಸಿದ ಒಂದು ಕಾಯಿ ಫೋಟೊದಲ್ಲಿರಲಿ. ಕಾಯಿಯೊಳಗಿನ ಕೋಣೆಗಳು ಎಷ್ಟು ಅನ್ನೋದನ್ನು ನೋಡಿಯೇ ತಜ್ಞರು ಒಂದು ಬಿಗೋನಿಯಾವನ್ನು ಇನ್ನೊಂದರಿಂದ ಬೇರ್ಪಡಿಸುತ್ತಾರೆ.