ಯೋಜನಾ ನಿರ್ವಹಣೆಯ ಮುಕ್ತ ತಂತ್ರಾಂಶಗಳಲ್ಲಿ ಪ್ಲಗಿನ್: ಇತಿಹಾಸ

ಯೋಜನಾ ನಿರ್ವಹಣೆಯ ತಂತ್ರಾಂಶವು ದೊಡ್ಡ ಕೆಲಸವೊಂದನ್ನು ಬಿಡಿ ಕಾರ್ಯಗಳಾಗಿ ಒಡೆದು, ಯಾರು ಯಾವುದನ್ನು ಎಂದಿಗೆ ಮುಗಿಸಬೇಕು, ಎಷ್ಟು ಸಮಯ ಮತ್ತು ಹಣ ಹಿಡಿಯಿತು ಎಂಬುದನ್ನು ದಾಖಲಿಸುವ ಸಾಧನ. ಇಂಥ ತಂತ್ರಾಂಶದ ಮೂಲ ಕೋಡನ್ನು ಮುಟ್ಟದೆ ಹೊಸ ಸೌಲಭ್ಯವನ್ನು ಸೇರಿಸುವ ಪ್ರತ್ಯೇಕ ಘಟಕವೇ ಪ್ಲಗಿನ್. ಎಲ್ಲರಿಗೂ ಬೇಕಾದದ್ದು ತಿರುಳಿನಲ್ಲಿ ಉಳಿಯುತ್ತದೆ. ಒಂದು ಕಚೇರಿಗೆ, ಒಂದು ಉದ್ಯಮಕ್ಕೆ ಅಥವಾ ಒಂದು ದೇಶದ ಕಾನೂನಿಗೆ ಮಾತ್ರ ಬೇಕಾದದ್ದು ಪ್ಲಗಿನ್ನಿಗೆ ಹೋಗುತ್ತದೆ. ಎರಡು ದಶಕಗಳಲ್ಲಿ ಬೆಳೆದ ಈ ವಿಭಜನೆ ಮುಕ್ತ ತಂತ್ರಾಂಶಗಳು ಹರಡಲು ನೆರವಾಗಿದೆ. ಪ್ಲಗಿನ್ನನ್ನು ಬರೆಯುವುದಕ್ಕಿಂತ ಅದನ್ನು ವರ್ಷಾನುಗಟ್ಟಲೆ ಕಾಪಾಡುವುದು ಕಷ್ಟ ಎಂಬ ಪಾಠವನ್ನೂ ಕಲಿಸಿದೆ. ಈ ಇತಿಹಾಸದ ಇತ್ತೀಚಿನ ಘಟ್ಟದಲ್ಲಿ ದಕ್ಷಿಣ ಬೆಂಗಳೂರಿಗೂ ಒಂದು ಪಾತ್ರವಿದೆ.

ಹಿನ್ನೆಲೆ

ಬಳಕೆದಾರರೇ ವಿಸ್ತರಿಸಬಲ್ಲ ತಂತ್ರಾಂಶದ ಕಲ್ಪನೆ ಹಳೆಯದು. 1985ರಲ್ಲಿ ಬಿಡುಗಡೆಯಾದ ಗ್ನೂ ಈಮ್ಯಾಕ್ಸ್ ಪಠ್ಯ ಸಂಪಾದಕವನ್ನು ಲಿಸ್ಪ್ ಭಾಷೆ ಬಲ್ಲ ಯಾರು ಬೇಕಾದರೂ ಬೆಳೆಸಬಹುದಿತ್ತು. ಯೋಜನಾ ನಿರ್ವಹಣೆಯ ಕ್ಷೇತ್ರಕ್ಕೆ ಈ ಗುಣ ತಡವಾಗಿ ಬಂತು. ಟೆರ್ರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾ 1998ರಲ್ಲಿ ನೆಟ್‌ಸ್ಕೇಪ್ ಮತ್ತು ಮೊಜಿಲ್ಲಾ ಬಳಗದಿಂದ ಹೊರಬಂದು ದೋಷಗಳ ದಾಖಲೆಗೆ ಜಗತ್ತಿನಾದ್ಯಂತ ಬಳಕೆಯಾಯಿತು. ಮೊದಲ ವರ್ಷಗಳಲ್ಲಿ ಅದರಲ್ಲಿ ಬದಲಾವಣೆ ಬೇಕಾದ ಸಂಸ್ಥೆಗಳು ಪರ್ಲ್ ಕೋಡನ್ನೇ ತಿದ್ದಿಕೊಳ್ಳುತ್ತಿದ್ದವು. ಹೊಸ ಆವೃತ್ತಿ ಬಂದಾಗಲೆಲ್ಲ ಆ ತಿದ್ದುಪಡಿಗಳನ್ನು ಮತ್ತೆ ಕೈಯಿಂದ ಕೂರಿಸಬೇಕಾಗುತ್ತಿತ್ತು. ಅದಕ್ಕೆ ಬೇಸತ್ತು ಹಳೆಯ ಆವೃತ್ತಿಯಲ್ಲೇ ಉಳಿದವರಿಗೆ ಭದ್ರತಾ ತಿದ್ದುಪಡಿಗಳು ಸಿಗುತ್ತಿರಲಿಲ್ಲ. 2010ರ 3.6 ಆವೃತ್ತಿಯಲ್ಲಿ ಬಗ್‌ಜಿಲ್ಲಾ ಹೊಸ ವಿಸ್ತರಣಾ ವ್ಯವಸ್ಥೆಯನ್ನು ತಂದಿತು.

ಟ್ರ್ಯಾಕ್

ಪ್ಲಗಿನ್ನನ್ನು ವಿನ್ಯಾಸದ ಬುನಾದಿಯಾಗಿಸಿದ ಆರಂಭಿಕ ತಂತ್ರಾಂಶಗಳಲ್ಲಿ ಟ್ರ್ಯಾಕ್ ಮುಖ್ಯವಾದುದು. ಎಡ್ಜ್‌ವಾಲ್ ಸಾಫ್ಟ್‌ವೇರ್ ಇದನ್ನು 2004ರಲ್ಲಿ ಪೈಥಾನ್ ಭಾಷೆಯಲ್ಲಿ ಹೊರತಂದಿತು. ವಿಕಿ, ಟಿಕೆಟ್ ಮತ್ತು ಸಬ್‌ವರ್ಷನ್ ಕೋಡ್ ಭಂಡಾರದ ವೀಕ್ಷಣೆ, ಈ ಮೂರನ್ನೂ ಅದು ಒಂದೇ ಕಡೆ ಕೂಡಿಸಿತು. 2005ರ 0.9 ಆವೃತ್ತಿಯಲ್ಲಿ ಟ್ರ್ಯಾಕ್‌ನ ಒಳರಚನೆ ಬಿಡಿ ಘಟಕಗಳದ್ದಾಯಿತು. ತಿರುಳು ಕೆಲವು ವಿಸ್ತರಣಾ ಬಿಂದುಗಳನ್ನು ಘೋಷಿಸುತ್ತದೆ. ಅಲ್ಲಿ ಏನು ಮಾಡಬೇಕೆಂಬ ಕರಾರನ್ನು ಪಾಲಿಸುವ ಯಾವ ಘಟಕ ಬೇಕಾದರೂ ಅದಕ್ಕೆ ಸೇರಿಕೊಳ್ಳಬಹುದು. ಟ್ರ್ಯಾಕ್‌ನ ಸ್ವಂತ ಟಿಕೆಟ್ ಮತ್ತು ವಿಕಿ ಭಾಗಗಳೂ ಇದೇ ಕರಾರಿನ ಮೇಲೆ ನಿಂತಿದ್ದರಿಂದ ಹೊರಗಿನವರ ಘಟಕಕ್ಕೂ ಒಳಗಿನ ಘಟಕಕ್ಕೂ ರಚನೆಯಲ್ಲಿ ಭೇದವಿರಲಿಲ್ಲ. ಬಳಕೆದಾರರು ಬರೆದ ಪ್ಲಗಿನ್‌ಗಳನ್ನು ಒಟ್ಟಿಗಿಡಲು ಟ್ರ್ಯಾಕ್ ಹ್ಯಾಕ್ಸ್ ಎಂಬ ಸಾರ್ವಜನಿಕ ಭಂಡಾರ ಹುಟ್ಟಿಕೊಂಡಿತು.

ರೆಡ್‌ಮೈನ್

ಫ್ರಾನ್ಸಿನ ಜಾನ್-ಫಿಲಿಪ್ ಲಾಂಗ್ 2006ರಲ್ಲಿ ಬಿಡುಗಡೆ ಮಾಡಿದ ರೆಡ್‌ಮೈನ್ ಪ್ಲಗಿನ್ ಸಂಸ್ಕೃತಿಯನ್ನು ಅತ್ಯಂತ ವ್ಯಾಪಕವಾಗಿ ಬೆಳೆಸಿದ ತಂತ್ರಾಂಶಗಳಲ್ಲೊಂದು. ರೂಬಿ ಆನ್ ರೇಲ್ಸ್ ಚೌಕಟ್ಟಿನಲ್ಲಿ ರಚಿತವಾದ ಇದು ಅನೇಕ ಯೋಜನೆಗಳನ್ನು ಒಂದೇ ಸ್ಥಾಪನೆಯಲ್ಲಿ ನಡೆಸಬಲ್ಲುದು. ಗ್ಯಾಂಟ್ ನಕ್ಷೆ, ಕ್ಯಾಲೆಂಡರ್, ವಿಕಿ ಮತ್ತು ಸಮಯದ ಲೆಕ್ಕ ಇದರ ತಿರುಳಿನಲ್ಲೇ ಇವೆ.

ರೆಡ್‌ಮೈನ್ ಪ್ಲಗಿನ್ ನಾಲ್ಕು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ನೋಂದಣಿ: ಪ್ಲಗಿನ್ ತನ್ನ ಹೆಸರು, ಆವೃತ್ತಿ, ಮೆನುವಿನಲ್ಲಿ ಸೇರಿಸಬೇಕಾದ ಕೊಂಡಿ ಹಾಗೂ ಯಾರಿಗೆ ಯಾವ ಅನುಮತಿ ಬೇಕೆಂಬುದನ್ನು ತಿರುಳಿಗೆ ತಿಳಿಸುತ್ತದೆ. ತನ್ನನ್ನು ಯೋಜನೆಯ ಘಟಕವಾಗಿ ಘೋಷಿಸಿಕೊಂಡ ಪ್ಲಗಿನ್ ಬೇಕಾದ ಯೋಜನೆಯಲ್ಲಿ ಮಾತ್ರ ಚಾಲೂ ಇರುತ್ತದೆ. ಎರಡನೆಯದು ಸ್ವಂತ ಕೋಷ್ಟಕ: ತನ್ನ ದತ್ತಾಂಶವನ್ನಿಡಲು ಪ್ಲಗಿನ್ ಡೇಟಾಬೇಸಿನಲ್ಲಿ ಹೊಸ ಕೋಷ್ಟಕಗಳನ್ನು ರಚಿಸಿಕೊಳ್ಳಬಹುದು. ಮೂರನೆಯದು ಹುಕ್: ಕಾರ್ಯದ ಪುಟವನ್ನು ತೋರಿಸುವಾಗ ಅಥವಾ ಉಳಿಸುವಾಗ ತಿರುಳು ಗೊತ್ತುಪಡಿಸಿದ ಜಾಗಗಳಲ್ಲಿ ಪ್ಲಗಿನ್‌ಗಳನ್ನು ಕರೆಯುತ್ತದೆ, ಅವು ತಮ್ಮ ಪಾಲಿನ ಕೆಲಸ ಮಾಡಿ ಹಿಂತಿರುಗುತ್ತವೆ. ನಾಲ್ಕನೆಯದು ಪ್ಯಾಚ್: ಹುಕ್ ಇಲ್ಲದ ಕಡೆ, ತಂತ್ರಾಂಶ ಚಾಲನೆಗೊಳ್ಳುವಾಗ ತಿರುಳಿನ ವಿಧಾನವನ್ನೇ ಪ್ಲಗಿನ್ ಬದಲಿಸುತ್ತದೆ. ಮೊದಲ ಮೂರು ಘೋಷಿತ ಕರಾರಿನ ಮೇಲೆ ನಡೆಯುತ್ತವೆ. ನಾಲ್ಕನೆಯದು ತಿರುಳಿನ ಒಳಗುಟ್ಟನ್ನು ನಂಬಿ ನಡೆಯುವುದರಿಂದ ಅತ್ಯಂತ ಶಕ್ತಿಯುತ, ಅಷ್ಟೇ ಅಪಾಯಕರ.

ಪ್ರತಿಯೊಂದು ಅಗತ್ಯಕ್ಕೂ ಪ್ಲಗಿನ್ ಬೇಕಿಲ್ಲ. ಬನಶಂಕರಿಯ ಕಟ್ಟಡ ಗುತ್ತಿಗೆದಾರರ ಕಚೇರಿಯೊಂದು ಪ್ರತಿ ಯೋಜನೆಗೂ ಖಾತಾ ಸಂಖ್ಯೆ ಮತ್ತು ನಕ್ಷೆ ಮಂಜೂರಾತಿಯ ದಿನಾಂಕವನ್ನು ದಾಖಲಿಸಬೇಕಾದರೆ ರೆಡ್‌ಮೈನ್‌ನಲ್ಲೇ ಇರುವ ಹೆಚ್ಚುವರಿ ಕ್ಷೇತ್ರಗಳ ಸೌಲಭ್ಯ ಸಾಕು. ತಳಪಾಯ, ಗೋಡೆ, ಛಾವಣಿ ಹೀಗೆ ಹಂತ ಮುಗಿದಂತೆಲ್ಲ ಮೇಸ್ತ್ರಿಯ ಬಿಲ್ಲು ತಾನಾಗಿ ಸಿದ್ಧವಾಗಬೇಕು ಎಂದಾಗ ಪ್ಲಗಿನ್ ಅನಿವಾರ್ಯವಾಗುತ್ತದೆ. ಮಾಹಿತಿಯನ್ನು ಇಡುವುದಕ್ಕೆ ಕ್ಷೇತ್ರ, ಹೊಸ ನಡವಳಿಕೆಗೆ ಪ್ಲಗಿನ್ ಎಂಬುದು ಈ ರಂಗದ ಸಾಮಾನ್ಯ ನಿಯಮ.

ಆವೃತ್ತಿ ಬದಲಾವಣೆಯ ಸಮಸ್ಯೆ

ರೆಡ್‌ಮೈನ್ ಪ್ಲಗಿನ್‌ಗಳ ಆಯುಷ್ಯ ಬಹುಮಟ್ಟಿಗೆ ರೇಲ್ಸ್ ಚೌಕಟ್ಟಿನ ಬದಲಾವಣೆಗಳನ್ನು ಅವಲಂಬಿಸಿತು. 2012ರಲ್ಲಿ ಬಂದ ರೆಡ್‌ಮೈನ್ 2.0 ರೇಲ್ಸ್ 3ಕ್ಕೆ ಸ್ಥಳಾಂತರಗೊಂಡಾಗ ಪ್ಲಗಿನ್‌ಗಳನ್ನಿಡುವ ಕಡತಕೋಶವೇ ಬದಲಾಯಿತು. ಹಳೆಯ ಪ್ಲಗಿನ್‌ಗಳನ್ನು ಹೊಸ ರಚನೆಗೆ ಒಗ್ಗಿಸಬೇಕಾಯಿತು. 2015ರ 3.0 ಆವೃತ್ತಿ ರೇಲ್ಸ್ 4.2ರ ಮೇಲೆ, 2018ರ 4.0 ಆವೃತ್ತಿ ರೇಲ್ಸ್ 5.2ರ ಮೇಲೆ ನಿಂತವು. ತಿರುಳಿನ ವಿಧಾನಗಳಿಗೆ ಪ್ಯಾಚ್ ಹಾಕಲು ಬಹಳಷ್ಟು ಪ್ಲಗಿನ್‌ಗಳು ನೆಚ್ಚಿಕೊಂಡಿದ್ದ ಸರಪಳಿ ತಂತ್ರವನ್ನು ರೇಲ್ಸ್ 5.1ರಲ್ಲಿ ತೆಗೆದುಹಾಕಲಾಗಿತ್ತು. ಹಾಗಾಗಿ 4.0ಕ್ಕೆ ಏರಿದ ಸ್ಥಾಪನೆಗಳಲ್ಲಿ ಅಂಥ ಪ್ಲಗಿನ್‌ಗಳನ್ನು ರೂಬಿ ಭಾಷೆಯ ಬೇರೊಂದು ವಿಧಾನಕ್ಕೆ ಬದಲಿಸಿ ಬರೆಯುವುದು ಅಗತ್ಯವಾಯಿತು. ಬರೆದವರು ಬೇರೆ ಕೆಲಸಕ್ಕೆ ಹೋಗಿದ್ದ ಪ್ಲಗಿನ್‌ಗಳು ಅಲ್ಲಿಗೆ ನಿಂತವು. ಕೆಲಸವನ್ನು ಕಿರು ಅವಧಿಗಳಾಗಿ ಹಂಚಿ ನಡೆಸುವ ಸ್ಕ್ರಮ್ ಪದ್ಧತಿಗಾಗಿ ಬಂದು ಜನಪ್ರಿಯವಾಗಿದ್ದ ರೆಡ್‌ಮೈನ್ ಬ್ಯಾಕ್‌ಲಾಗ್ಸ್ ಕೂಡ ದೀರ್ಘಕಾಲ ತಿರುಳಿನ ವೇಗಕ್ಕೆ ಸರಿಸಮವಾಗಿ ಸಾಗಲಿಲ್ಲ. ಒಂದೇ ವಿಧಾನಕ್ಕೆ ಎರಡು ಪ್ಲಗಿನ್‌ಗಳು ಬೇರೆ ಬೇರೆ ಪ್ಯಾಚ್ ಹಾಕಿ ಪರಸ್ಪರ ಘರ್ಷಿಸುವುದು ಈ ವ್ಯವಸ್ಥೆಯ ಇನ್ನೊಂದು ತೊಡಕು.

ಕವಲುಗಳು

ರೆಡ್‌ಮೈನ್‌ನ ಅಭಿವೃದ್ಧಿ ಕೆಲವೇ ಕೈಗಳಲ್ಲಿ ಕೇಂದ್ರೀಕೃತವಾಗಿದೆ ಎಂಬ ಅಸಮಾಧಾನದಿಂದ 2011ರಲ್ಲಿ ಅದರ ಕೋಡನ್ನೇ ಆಧರಿಸಿ ಚಿಲಿಪ್ರಾಜೆಕ್ಟ್ ಎಂಬ ಕವಲು ಒಡೆಯಿತು. ಅನೇಕ ಪ್ಲಗಿನ್‌ಗಳನ್ನು ಬರೆದಿದ್ದ ಎರಿಕ್ ಡೇವಿಸ್ ಅದರ ಮುಂದಾಳುಗಳಲ್ಲಿ ಒಬ್ಬರು. ಚಿಲಿಪ್ರಾಜೆಕ್ಟ್ ಕೆಲವು ವರ್ಷಗಳಲ್ಲಿ ನಿಂತುಹೋಯಿತು. ಅದರಿಂದ ಕವಲೊಡೆದ ಜರ್ಮನಿಯ ಓಪನ್‌ಪ್ರಾಜೆಕ್ಟ್ ಇಂದಿಗೂ ಬೆಳೆಯುತ್ತಿದೆ. ಓಪನ್‌ಪ್ರಾಜೆಕ್ಟ್‌ನಲ್ಲಿ ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ), ವೆಚ್ಚ ಮುಂತಾದ ಭಾಗಗಳು ಮೊದಲು ಪ್ರತ್ಯೇಕ ಪ್ಲಗಿನ್‌ಗಳಾಗಿದ್ದವು. ಮುಂದೆ ಅವುಗಳನ್ನು ತಿರುಳಿನ ಭಂಡಾರದೊಳಗೇ ಘಟಕಗಳನ್ನಾಗಿ ಇಡಲಾಯಿತು. ಹೆಚ್ಚು ಜನ ಬಳಸುವ ಪ್ಲಗಿನ್ನನ್ನು ತಿರುಳಿನ ಜೊತೆಗೇ ಪರೀಕ್ಷಿಸಿ, ಜೊತೆಗೇ ಬಿಡುಗಡೆ ಮಾಡಿದರೆ ಆವೃತ್ತಿಗಳ ಒಡಕು ತಪ್ಪುತ್ತದೆ ಎಂಬುದು ಇದರ ತತ್ತ್ವ.

ಫ್ರಾಪೆ ಮತ್ತು ಇಆರ್‌ಪಿನೆಕ್ಸ್ಟ್

ಭಾರತದಲ್ಲಿ ಬೆಳೆದ ಪ್ರಮುಖ ಮಾದರಿ ಮುಂಬೈನ ಫ್ರಾಪೆ ಸಂಸ್ಥೆಯದು. ರುಷಭ್ ಮೆಹ್ತಾ ಆರಂಭಿಸಿದ ಇಆರ್‌ಪಿನೆಕ್ಸ್ಟ್ ಉದ್ಯಮ ನಿರ್ವಹಣೆಯ ಸಮಗ್ರ ತಂತ್ರಾಂಶ. ಯೋಜನೆ, ಕಾರ್ಯ, ಸಮಯಪಟ್ಟಿಗಳ ನಿರ್ವಹಣೆ ಅದರ ಒಂದು ಭಾಗ. ಕಾರ್ಯಕ್ಕೆ ಹಿಡಿದ ಸಮಯ ನೇರವಾಗಿ ಬಿಲ್ಲಿಗೆ, ಬಿಲ್ಲು ಲೆಕ್ಕಪತ್ರಕ್ಕೆ ಹೋಗುತ್ತದೆ.

ಇಲ್ಲಿ ಪ್ಲಗಿನ್ ಎಂಬ ಪ್ರತ್ಯೇಕ ವರ್ಗವಿಲ್ಲ. ಫ್ರಾಪೆ ಚೌಕಟ್ಟಿನ ಮೇಲೆ ಇಆರ್‌ಪಿನೆಕ್ಸ್ಟ್ ಸ್ವತಃ ಒಂದು ಆ್ಯಪ್. ಬೇರೆಯವರು ಬರೆದದ್ದೂ ಅದರ ಪಕ್ಕದಲ್ಲಿ ಕೂರುವ ಇನ್ನೊಂದು ಆ್ಯಪ್. ಪ್ರತಿ ದಾಖಲೆಯ ಸ್ವರೂಪವನ್ನು ಡಾಕ್‌ಟೈಪ್ ಎಂಬ ವಿವರಣೆ ನಿರ್ಧರಿಸುತ್ತದೆ. ದಾಖಲೆಯನ್ನು ಉಳಿಸಿದಾಗ, ಸಲ್ಲಿಸಿದಾಗ ಅಥವಾ ದಿನಕ್ಕೊಮ್ಮೆ ಏನು ನಡೆಯಬೇಕೆಂದು ಆ್ಯಪ್ ತನ್ನ ಹುಕ್ಸ್ ಕಡತದಲ್ಲಿ ಬರೆದಿಡುತ್ತದೆ. ಒಂದೇ ಸರ್ವರ್‌ನಲ್ಲಿರುವ ಹಲವು ತಾಣಗಳಲ್ಲಿ ಯಾವುದಕ್ಕೆ ಯಾವ ಆ್ಯಪ್ ಬೇಕೆಂಬುದನ್ನು ಬೇರೆ ಬೇರೆಯಾಗಿ ಆರಿಸಬಹುದು.

ಓಪನ್‌ಪ್ರಾಜೆಕ್ಟ್ ಹೊರಗಿನ ಭಾಗಗಳನ್ನು ಒಳಗೆ ಸೇರಿಸಿಕೊಂಡರೆ, ಇಆರ್‌ಪಿನೆಕ್ಸ್ಟ್ ಒಳಗಿನದನ್ನು ಹೊರಗೆ ಕಳುಹಿಸಿತು. 2022ರ 14ನೇ ಆವೃತ್ತಿಯೊಂದಿಗೆ ಸಿಬ್ಬಂದಿ ಮತ್ತು ವೇತನದ ಭಾಗ ಫ್ರಾಪೆ ಎಚ್‌ಆರ್ ಎಂಬ ಪ್ರತ್ಯೇಕ ಆ್ಯಪ್ ಆಯಿತು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯ ನಿಯಮಗಳನ್ನು ನಿಭಾಯಿಸುವ ಕೋಡ್ ಕೂಡ ತಿರುಳಿನಿಂದ ಹೊರಬಂದು ಇಂಡಿಯಾ ಕಂಪ್ಲಯನ್ಸ್ ಆ್ಯಪ್‌ನಲ್ಲಿ ನೆಲೆಗೊಂಡಿತು. ತೆರಿಗೆ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತವೆ. ಆ್ಯಪ್ ಪ್ರತ್ಯೇಕವಾಗಿರುವುದರಿಂದ ಆ ಬದಲಾವಣೆಗೆ ಬೇರೆ ದೇಶಗಳ ಬಳಕೆದಾರರು ಕಾಯಬೇಕಾಗಿಲ್ಲ, ಇಲ್ಲಿನವರು ತಿರುಳಿನ ಮುಂದಿನ ಆವೃತ್ತಿಗೂ ಕಾಯಬೇಕಾಗಿಲ್ಲ.

ದಕ್ಷಿಣ ಬೆಂಗಳೂರಿನ ನಂಟು

ಬೆಂಗಳೂರಿನ ಮುಕ್ತ ತಂತ್ರಾಂಶ ಸಮುದಾಯ 2001ರ ಲಿನಕ್ಸ್ ಬೆಂಗಳೂರು ಸಮ್ಮೇಳನದಿಂದ ದೊಡ್ಡದಾಗಿ ಸಂಘಟಿತವಾಯಿತು. ಅತುಲ್ ಚಿಟ್ನಿಸ್ ಮುಂದಾಳುತನದ ಈ ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆಯಿತು. ಭಾರತೀಯರು ಮುಕ್ತ ತಂತ್ರಾಂಶವನ್ನು ಬಳಸಿದರಷ್ಟೇ ಸಾಲದು, ಅದಕ್ಕೆ ಕೋಡ್ ಕೊಡುಗೆ ನೀಡಬೇಕು ಎಂಬುದು ಅದರ ಒತ್ತಾಯವಾಗಿತ್ತು. 2012ರ ಸಮ್ಮೇಳನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ನಡೆಯಿತು.

ಜೆ.ಪಿ. ನಗರ 4ನೇ ಹಂತದಲ್ಲಿ ಕಚೇರಿ ಹೊಂದಿರುವ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಮುಂದಿನ ಘಟ್ಟದಲ್ಲಿ ಮುಖ್ಯವಾಯಿತು. ನಿತಿನ್ ಕಾಮತ್ 2010ರಲ್ಲಿ ಆರಂಭಿಸಿದ, ಕೈಲಾಶ್ ನಾಧ್ ಮುಖ್ಯ ತಂತ್ರಜ್ಞರಾಗಿರುವ ಈ ಸಂಸ್ಥೆ ಇಆರ್‌ಪಿನೆಕ್ಸ್ಟ್ ಸೇರಿದಂತೆ ಹಲವು ಮುಕ್ತ ತಂತ್ರಾಂಶಗಳನ್ನು ತನ್ನ ಆಂತರಿಕ ಕೆಲಸಕ್ಕೆ ಬಳಸುತ್ತದೆ. 2020ರಲ್ಲಿ ಅದರ ಹೂಡಿಕೆ ವಿಭಾಗ ರೈನ್‌ಮ್ಯಾಟರ್ ಫ್ರಾಪೆಯಲ್ಲಿ ಹಣ ತೊಡಗಿಸಿತು. ಫ್ರಾಪೆ ಮತ್ತು ಜೆರೋಧಾ ಬೆಂಬಲದಿಂದ ಬೆಳೆದ ಫಾಸ್ ಯುನೈಟೆಡ್ ಪ್ರತಿಷ್ಠಾನ ಇಂಡಿಯಾಫಾಸ್ ಸಮ್ಮೇಳನವನ್ನು ನಡೆಸುತ್ತಿದೆ. 2023 ಮತ್ತು 2024ರ ಸಮ್ಮೇಳನಗಳೂ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲೇ ಜರುಗಿದವು.

2024ರ ಅಕ್ಟೋಬರ್‌ನಲ್ಲಿ ಜೆರೋಧಾ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್‌ವರೆಗೆ ನೆರವು ನೀಡುವ ಫ್ಲಾಸ್ ಫಂಡ್ ಘೋಷಿಸಿತು. ನೆರವು ಬಯಸುವ ಯೋಜನೆ ತನ್ನ ಅಗತ್ಯಗಳನ್ನು ಯಂತ್ರ ಓದಬಲ್ಲ ಒಂದು ಕಡತದಲ್ಲಿ ಪ್ರಕಟಿಸಬೇಕು. ಈ ನಿಧಿ ಪ್ಲಗಿನ್‌ಗಳಿಗಷ್ಟೇ ಮೀಸಲಾದುದಲ್ಲ. ಆದರೂ ಸಂಬಳವಿಲ್ಲದೆ ಕೋಡ್ ಕಾಪಾಡುವವರು ದಣಿದು ಕೈಬಿಡುವುದೇ ಪ್ಲಗಿನ್‌ಗಳು ನಿಲ್ಲಲು ಒಂದು ದೊಡ್ಡ ಕಾರಣವಾಗಿರುವಾಗ, ಬಳಸುವ ಉದ್ಯಮವೇ ನಿರ್ವಹಣೆಯ ವೆಚ್ಚ ಹೊರುವ ಈ ಕ್ರಮ ಮೂಲ ಸಮಸ್ಯೆಗೆ ನೇರವಾಗಿ ಸ್ಪಂದಿಸುತ್ತದೆ.

ಪರವಾನಗಿ, ಭದ್ರತೆ ಮತ್ತು ಭಾಷೆ

ರೆಡ್‌ಮೈನ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ 2ನೇ ಆವೃತ್ತಿಯ ಅಡಿಯಲ್ಲಿ, ಇಆರ್‌ಪಿನೆಕ್ಸ್ಟ್ 3ನೇ ಆವೃತ್ತಿಯ ಅಡಿಯಲ್ಲಿ ಲಭ್ಯವಿವೆ. ಫ್ರಾಪೆ ಚೌಕಟ್ಟಿನದು ಎಂಐಟಿ ಪರವಾನಗಿ, ಟ್ರ್ಯಾಕ್‌ನದು ಬಿಎಸ್‌ಡಿ. ಜಿಪಿಎಲ್ ಹಣಕ್ಕೆ ಮಾರುವುದನ್ನು ತಡೆಯುವುದಿಲ್ಲ. ಕೊಂಡವರಿಗೆ ಕೋಡನ್ನೂ ಅದನ್ನು ತಿದ್ದಿ ಹಂಚುವ ಹಕ್ಕನ್ನೂ ಕೊಡಬೇಕೆನ್ನುತ್ತದೆ. ರೆಡ್‌ಮೈನ್ ಸುತ್ತ ಪ್ಲಗಿನ್ ಮಾರಾಟದ ಉದ್ಯಮಗಳು ಬೆಳೆದಿದ್ದು, ಜೆಕ್ ಗಣರಾಜ್ಯದ ಈಸಿ ರೆಡ್‌ಮೈನ್ ಅಂಥ ವಿಸ್ತರಣೆಗಳ ಮೇಲೆಯೇ ನಿಂತ ಉತ್ಪನ್ನ.

ರೆಡ್‌ಮೈನ್ ಪ್ಲಗಿನ್ ಆಗಲಿ ಫ್ರಾಪೆ ಆ್ಯಪ್ ಆಗಲಿ ತಿರುಳಿನಷ್ಟೇ ಅಧಿಕಾರದಿಂದ ಓಡುತ್ತದೆ. ಇಡೀ ಡೇಟಾಬೇಸನ್ನು ಓದಬಲ್ಲುದು, ಅಳಿಸಬಲ್ಲುದು. ಆದ್ದರಿಂದ ಸ್ಥಾಪಿಸುವ ಮುನ್ನ ಅದರ ಕೋಡ್, ಕೊನೆಯ ಬಿಡುಗಡೆಯ ದಿನಾಂಕ ಮತ್ತು ಬೆಂಬಲಿತ ಆವೃತ್ತಿಯನ್ನು ಪರಿಶೀಲಿಸುವುದು, ಸ್ಥಾಪನೆಯ ಪ್ರತಿಕೃತಿಯಲ್ಲಿ ಮೊದಲು ಪರೀಕ್ಷಿಸುವುದು ವ್ಯವಸ್ಥಾಪಕರ ಕರ್ತವ್ಯ.

ಭಾಷೆಯ ವಿಷಯದಲ್ಲೂ ಪ್ಲಗಿನ್ ಸ್ವತಂತ್ರ ಹೊಣೆ ಹೊರುತ್ತದೆ. ಇಆರ್‌ಪಿನೆಕ್ಸ್ಟ್‌ನ ಅನುವಾದ ಕಡತಗಳಲ್ಲಿ ಕನ್ನಡವೂ ಸೇರಿದೆ. ಆದರೆ ಪ್ರತಿ ಆ್ಯಪ್ ತನ್ನ ಪದಗಳ ಅನುವಾದವನ್ನು ತಾನೇ ತರಬೇಕು. ತರದಿದ್ದರೆ ಕನ್ನಡದ ಪರದೆಯ ನಡುವೆ ಅದರ ಭಾಗವಷ್ಟೇ ಇಂಗ್ಲಿಷಿನಲ್ಲಿ ಉಳಿಯುತ್ತದೆ.

ಬದಲಿ ದಾರಿಗಳು

ಹೊರಗಿನ ತಂತ್ರಾಂಶಗಳು ಮಾಹಿತಿ ಕೇಳಿ ಪಡೆಯುವ ಎಪಿಐ ಮತ್ತು ಘಟನೆ ನಡೆದೊಡನೆ ಹೊರಗೆ ಸುದ್ದಿ ಕಳುಹಿಸುವ ವೆಬ್‌ಹುಕ್, ಪ್ಲಗಿನ್ನಿನ ಕೆಲವು ಕೆಲಸಗಳನ್ನು ಈಗ ವಹಿಸಿಕೊಂಡಿವೆ. ಇವು ತಿರುಳಿನ ಒಳಗೆ ಓಡದ ಕಾರಣ ಆವೃತ್ತಿ ಬದಲಾದಾಗ ಮುರಿಯುವುದು ಕಡಿಮೆ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು. ಪರದೆಯ ಸ್ವರೂಪವನ್ನು ಅಥವಾ ದಾಖಲೆಯನ್ನು ಉಳಿಸುವ ಮುಂಚಿನ ಪರಿಶೀಲನೆಯನ್ನು ಬದಲಿಸಬೇಕಾದ ಕಡೆ ಮಾತ್ರ ಇವು ಸಾಲುವುದಿಲ್ಲ. ಹೀಗಾಗಿ ಸಾಮಾನ್ಯ ಅಗತ್ಯಕ್ಕೆ ತಿರುಳು, ಮಾಹಿತಿ ವಿನಿಮಯಕ್ಕೆ ಎಪಿಐ, ಒಳ ನಡವಳಿಕೆಯ ಬದಲಾವಣೆಗೆ ಪ್ಲಗಿನ್ ಎಂಬ ಮೂರು ಪದರಗಳ ಹಂಚಿಕೆ ಈ ತಂತ್ರಾಂಶಗಳಲ್ಲಿ ನೆಲೆಗೊಳ್ಳುತ್ತಿದೆ.